ಮಣ್ಣು ಕಳೆಯದ ತೂಕ

ತುರ್ವಿಹಾಳದಿಂದ ಸಿಂಧನೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಆ ದಿನ ಕಡಿಮೆಯೆಂದರೂ ಒಂದು ಸಾವಿರ ಜನ ಇದ್ದರು. ಆ ಸಾವಿರ ಜನರೂ ಪಂಪಾಪತಿಯ ಬಲಗೈಯನ್ನೇ ನೋಡುತ್ತಿದ್ದರು. ಹಾಗೆಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ತಪ್ಪೆಂದು ಹೇಳುವ ಹಾಗಿಲ್ಲ, ಯಾಕೆಂದರೆ ಅದು ಸಾಮಾನ್ಯ ಕೈಯಲ್ಲ. ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತದಲ್ಲಿ ಅರ್ಧದಷ್ಟಾದರೂ ಮೂವತ್ತು ವರ್ಷಗಳಲ್ಲಿ ಆ ಕೈ ಮುಟ್ಟಿಯೇ ಗಿರಣಿ ಸೇರಿತ್ತು. ಚೀಲದ ಕಿವಿ ಹಿಡಿದು ಒಂದು ಗೇಣು ಎತ್ತಿದರೆ ಸಾಕು, ತೂಕವು ಮೊಣಕೈಯಿಂದ ಹೆಗಲಿಗೆ, ಹೆಗಲಿಂದ ನಾಲಿಗೆಗೆ ತಾನಾಗಿ ಬಂದು ಕೂರುತ್ತಿತ್ತು. ಒಮ್ಮೆ ಒಂದು ಚೀಲ ಎತ್ತಿ, 'ಇದರಾಗ ಇಲಿ ಐತಿ, ಅದೂ ಗಬ್ಬದ ಇಲಿ' ಎಂದಿದ್ದ. ಬಿಚ್ಚಿದರೆ ಇಲಿ ಹೊರಗೆ ಬಂದದ್ದಷ್ಟೇ ಅಲ್ಲ, ಎಲ್ಲರ ಮುಂದೆ ಆರು ಮರಿ ಹಾಕಿ ಅವನ ಮಾತು ಉಳಿಸಿತು. ಅಂಥ ಕೈಯನ್ನು ಅವನು ಈಗ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಅಂಗಿಯ ಕಿಸೆಯಲ್ಲಿ ಲಿಂಗಸುಗೂರಿನ ಕೋರ್ಟಿನ ಸಮನ್ಸು ಇತ್ತು. ಕಾಗದದ ತೂಕ ನಾಲ್ಕು ಗ್ರಾಮು. ಬಸ್ಸು ಕುಲುಕಿದಾಗಲೆಲ್ಲ ಅದು ನಾಲ್ಕು ಕ್ವಿಂಟಲಿನ ಹಾಗೆ ಎದೆಗೆ ಬಡಿಯುತ್ತಿತ್ತು.

ಸಿಂಧನೂರಿನ ನಿಲ್ದಾಣದಲ್ಲಿ ದಾವಲ್‌ಸಾಬ್ ನಿಂತಿದ್ದ. ಕೃಷಿ ಮಾರುಕಟ್ಟೆ ಯಾರ್ಡಿನ ಒಂದೇ ಅಡತಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಇವನು ತೂಗಿದ, ಅವನು ಹೊತ್ತ. ಅವನ ಹಿಂದೆ ಇನ್ನೂ ಮೂವರು ಹಮಾಲರು ತೊಳೆದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರಂತೆ ಬೀಡಿ ಸೇದುತ್ತಿದ್ದರು.

"ನೀವ್ಯಾಕ ಬಂದ್ರಿಲೇ?" ಎಂದ ಪಂಪಾಪತಿ.

"ನಿನ್ನ ಸಾಕ್ಷಿ ನೋಡಾಕ. ಇಡೀ ಯಾರ್ಡಿನಾಗ ಜಜ್ ಸಾಹೇಬ್ರ ಮುಂದ ನಿಂತಾವ ನೀ ಒಬ್ನೇ ಅಲ್ಲೇನು? ಗಂಟು ಎತ್ತಿ ಹೇಳು ಅಂತಾರೇನು ಅಲ್ಲಿ?"

"ಏ, ಅದೇನು ಸರ್ಕಸ್ಸೇನಪ್ಪಾ."

"ಸರ್ಕಸ್ ಇಲ್ಲಂದ್ರ ಹಮಾಲಿ ಬಿಟ್ಟು ಯಾಕ ಬರ್ತಿದ್ವಿ," ಎಂದು ದಾವಲ್‌ಸಾಬ್ ನಕ್ಕ.

ಅವರು ಬಂದದ್ದು ಬೇಡವಾಗಿತ್ತು. ಅವರು ಬರದೇ ಇದ್ದಿದ್ದರೆ ಇನ್ನೂ ಬೇಡವಾಗುತ್ತಿತ್ತು. ಎರಡು ವರ್ಷದ ಹಿಂದೆ ಅಂಗಡಿಯ ಮಾಲೀಕ ನೆಲದ ತಕ್ಕಡಿ ತಂದು ಹಾಕಿಸಿದ ಮೇಲೆ ಪಂಪಾಪತಿಯ ಕೈಯನ್ನು ಯಾರೂ ಕೇಳುತ್ತಿರಲಿಲ್ಲ. ಚೀಲ ಇಟ್ಟರೆ ಕೆಂಪು ಅಂಕಿ ಮಿಣಮಿಣ ಅನ್ನುತ್ತಿತ್ತು. ಅವನ ಕೆಲಸ ಅದನ್ನು ನೋಡಿ ಗಟ್ಟಿಯಾಗಿ ಓದುವುದು. ಮೂರನೇ ಇಯತ್ತೆಯ ಹುಡುಗಿಯೂ ಓದುತ್ತಾಳೆ. ಮೊದಮೊದಲು ಅಂಕಿ ಮಿನುಗುವ ಮೊದಲೇ ತೂಕ ಹೇಳಿ ಆಮೇಲೆ ತಕ್ಕಡಿಯ ಕಡೆ ನೋಡುತ್ತಿದ್ದ, ಗೆದ್ದ ಪೈಲವಾನನ ಹಾಗೆ. ಆಗ ಮಾಲೀಕ ಒಂದು ದಿನ, 'ಅದ ಹೇಳ್ತೈತಲ್ಲ, ನೀ ಯಾಕ ಗಂಟ್ಲ ಹರ್ಕೊಂತಿ?' ಎಂದ. ಅದಕ್ಕೆ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಲಿಂಗಸುಗೂರಿನ ಬಸ್ಸು ಮಸ್ಕಿಯ ಕಡೆ ಹೊರಟಿತು. ದಾರಿಯ ಉದ್ದಕ್ಕೂ, ಗ್ಯಾರೇಜಿನ ಮೇಲೆ, ಶಾಲೆಯ ಕಾಂಪೌಂಡಿಗೆ, ಒಂದು ಕಡೆ ನಿಂತ ಟ್ರ್ಯಾಕ್ಟರಿಗೂ, ಮಾದಕ ವಸ್ತು ಬಿಡಿ ಎನ್ನುವ ಫ್ಲೆಕ್ಸುಗಳು ಬಿಸಿಲಿಗೆ ಬಿಳಿಚಿಕೊಂಡು ನೇತಾಡುತ್ತಿದ್ದವು. ಹೋದ ವರ್ಷದ ಅಭಿಯಾನದವು. ಆ ತಿಂಗಳು ಮಕ್ಕಳು ಬಿಸಿಲಲ್ಲಿ ನಿಂತು ಪ್ರಮಾಣ ಮಾಡಿದ್ದರು, ಆಫೀಸಿನವರು ಪ್ರಮಾಣ ಮಾಡಿದ್ದರು, ಮೇಲಿನಿಂದ ಕೆಳಗಿನ ತನಕ ಒಬ್ಬರು ಇನ್ನೊಬ್ಬರನ್ನು ಎಷ್ಟು ಕೇಸು, ಎಷ್ಟು ಕೇಸು ಎಂದು ಕೇಳಿದ್ದರು. ಮಸ್ಕಿಯ ಗುಡ್ಡ ಕಂಡಾಗ ದಾವಲ್‌ಸಾಬ್ ಎಂದ: "ಹಿಂದಕ್ಕ ರಾಜ ಹುಕುಂ ಮಾಡಿದ್ರ ಕಲ್ಲಿನ ಮ್ಯಾಲ ಕೊರಸ್ತಿದ್ದ. ಇನ್ನೂ ಐತಿ ನೋಡು. ಇವರದ್ದು ಒಂದು ಮಳಿಗಾಲಕ್ಕ ಹರದು ಹೊಂಟೈತಿ." ಪಂಪಾಪತಿ ಕಿಸೆಯ ಸಮನ್ಸನ್ನು ಮುಟ್ಟಿ ನೋಡಿಕೊಂಡ. ಫ್ಲೆಕ್ಸು ಹರಿಯುತ್ತದೆ, ಹುಕುಂ ಬೇರೆ ಎಲ್ಲೋ ಕೊರೆದಿರುತ್ತದೆ, ಯಾರದೋ ಮೈಮೇಲೆ.

ಆ ಅಭಿಯಾನದ ತಿಂಗಳಲ್ಲೇ ಒಂದು ದಿನ ಅವನು ಸಂತೆಕಲ್ಲೂರಿಗೆ ಹೋಗಿದ್ದ, ತಂಗಿ ಅಮರಮ್ಮನ ಮೊಮ್ಮಗಳ ತೊಟ್ಟಿಲಿಗೆ. ಹಿಂದಿನ ರಾತ್ರಿ ಸುರಿದ ಮಳೆಗೆ ಎರೆಹೊಲಗಳೆಲ್ಲ ಅಂಟಂಟಾಗಿದ್ದವು. ಉಂಡು, ಹೋಟೆಲಿನ ಬೆಂಚಿನ ಮೇಲೆ ಕೂತು ಊರವರಿಗೆ ಇಲಿಯ ಕತೆ ಹೇಳುತ್ತಿದ್ದ. ಮರಿಗಳ ಸಂಖ್ಯೆ ಅಲ್ಲಿ ಹನ್ನೊಂದಕ್ಕೆ ಏರಿತ್ತು. ಆಗ ಪೊಲೀಸ್ ಜೀಪು ಬಂತು. ಜೀಪಿನಿಂದ ಗದ್ದೆಪ್ಪ ಕಾಕಾನನ್ನು ಇಳಿಸಿದರು. ಅಮರಮ್ಮನ ಮನೆಯ ಎದುರು ಮನೆಯವನು, ಅರವತ್ತೈದು ದಾಟಿದವನು, ಸೋಮವಾರ ಸೋಮವಾರ ಭಜನೆಯಲ್ಲಿ ದಮಡಿ ಬಾರಿಸುವವನು. ತೊಗರಿ ಸಾಲಿನ ನಡುವೆ ಒಂಬತ್ತು ಗಾಂಜಾ ಗಿಡ ಬೆಳೆಸಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಎತ್ತಿನ ಹೊಟ್ಟೆ ಉಬ್ಬಿದರೆ ಎರಡು ಎಲೆ, ಭಜನೆಯವರ ಚಿಲುಮೆಗೆ ನಾಲ್ಕು ಎಲೆ, ಅವನ ಮೊಣಕಾಲಿಗೆ ಅರೆದು ಕಟ್ಟಲು ಒಂದು ಹಿಡಿ. ಕಾಲುವೆಯ ಕಡೆ ವಲಸೆ ಬಂದವರ ಕ್ಯಾಂಪುಗಳಲ್ಲಿ ಪುಡಿ ಬೆರೆಸಿದ ಸೇಂದಿ ಕುಡಿದು ಬಾಯಿ ಸೊಟ್ಟ ಮಾಡಿಕೊಂಡವರನ್ನು, ಗುಳಿಗೆ ಮಾರುವ ಬೈಕಿನ ಮಂದಿಯನ್ನು ಹಿಡಿಯಬೇಕಾದರೆ ಓಡಬೇಕು. ಗದ್ದೆಪ್ಪ ಓಡುವವನಲ್ಲ. ಜೀಪು ಕಂಡಾಗ, ಬರ್ರಿ, ಚಾ ಮಾಡಸ್ತೀನಿ ಅಂದನಂತೆ.

ಗಿಡಗಳನ್ನು ಬೇರುಸಹಿತ ಕಿತ್ತು ಒಂದು ತಾಡಪತ್ರಿಯಲ್ಲಿ ಗಂಟು ಕಟ್ಟಿದ್ದರು. ಒಂದೊಂದು ಬೇರಿಗೂ ತೆಂಗಿನಕಾಯಿಯಷ್ಟು ಕರಿ ಮಣ್ಣಿನ ಹೆಂಟೆ. ತೂಗಬೇಕು. ಕಿರಾಣಿ ಅಂಗಡಿಯ ಕರೆಂಟ್ ತಕ್ಕಡಿಗೆ ಜೀವ ಇರಲಿಲ್ಲ. ಊರಲ್ಲಿ ಕರೆಂಟೂ ಇರಲಿಲ್ಲ. "ಮಸ್ಕಿಯಿಂದ ತರಸಬೇಕ್ರಿ ಸಾಹೇಬ್ರ, ಎರಡು ತಾಸಾಕ್ಕೈತಿ," ಎಂದ ರೈಟರ್. ಸಾಹೇಬರು ಗಡಿಯಾರ ನೋಡಿಕೊಂಡರು. ಸಂಜೆಯೊಳಗೆ ವರದಿ ಹೋಗಬೇಕಿತ್ತು. ಆಗ ಬೆಂಚಿನ ಮೇಲಿನಿಂದ ಒಂದು ಧ್ವನಿ ಬಂತು. ಅದು ತನ್ನ ಧ್ವನಿಯೇ ಎಂದು ಪಂಪಾಪತಿಗೆ ಈಗಲೂ ನಂಬುವುದು ಕಷ್ಟ.

"ತಕ್ಕಡಿ ಯಾಕ್ರೀ ಸಾಹೇಬ್ರ? ಈ ಕೈ ಇಲ್ಲೇನು?"

ಎದ್ದ. ತೋಳು ಮಡಿಸಿದ. ಗಂಟಿನ ಕಿವಿ ಹಿಡಿದು ಒಂದು ಗೇಣು ಎತ್ತಿ ಇಳಿಸಿದ. ಊರು ಉಸಿರು ಬಿಗಿಹಿಡಿದಿತ್ತು. ಮರದ ಮೇಲಿನ ಗಿಳಿಗಳೂ ಸುಮ್ಮನಾಗಿದ್ದವು. "ಇಪ್ಪತ್ತೆರಡು ಕಿಲೋ ನಾನೂರು. ಒಂದು ಗ್ರಾಮ್ ಆಚೀಚಿ ಆದ್ರ ಈ ಕೈ ಇಟ್ಕೊಳ್ರಿ." ಸಾಹೇಬರ ಮುಖ ದೀಪ ಹಚ್ಚಿದಂತೆ ಬೆಳಗಿತು. ಅದು ತನ್ನ ಕೈಯ ಮೇಲಿನ ಮೆಚ್ಚುಗೆ ಎಂದುಕೊಂಡ. ಆ ಬೆಳಕು ತನ್ನದಲ್ಲ, ಇಪ್ಪತ್ತೆಂಬ ಅಂಕಿಯದು ಎಂದು ತಿಳಿದದ್ದು ತಿಂಗಳುಗಳ ನಂತರ. ಇಪ್ಪತ್ತು ಕಿಲೋದ ಕೆಳಗಿದ್ದರೆ ಅದು ಒಂದು ಕೇಸು. ಮೇಲಾದರೆ ವ್ಯಾಪಾರದ ಮಾಲು, ಜಾಮೀನು ದುರ್ಲಭ, ಶಿಕ್ಷೆಯಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ರೈಟರ್ ಪಂಚನಾಮೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಗಲಾಯಿತು ಎಂದೇ ಬರೆದ. ಪಂಪಾಪತಿ ಸಾಕ್ಷಿಯಾಗಿ ಸಹಿ ಮಾಡಿದ. ಕೈಯ ಹೆಸರು ಬಿಟ್ಟು ತಕ್ಕಡಿಯ ಹೆಸರು ಬರೆದನಲ್ಲ ಎಂಬುದಷ್ಟೇ ಆಗ ಅವನ ಬೇಸರ.

ಗದ್ದೆಪ್ಪನಿಗೆ ಜೀಪು ಹತ್ತಲು ಮೊಣಕಾಲು ಮಡಿಸಲಾಗಲಿಲ್ಲ. ಪಂಪಾಪತಿಯೇ ಕಂಕುಳಿಗೆ ಕೈಕೊಟ್ಟು ಎತ್ತಿದ. ಎತ್ತಿದ ಮೇಲೆ ಬಾಯಿ ಸುಮ್ಮನಿರಬೇಕಲ್ಲ, "ಐವತ್ತಾರು!" ಎಂದು ಕೂಗಿದ. ಜನ ನಕ್ಕರು. ಗದ್ದೆಪ್ಪನೂ ನಕ್ಕ. ಕೆಸರು ಮೆತ್ತಿದ ತನ್ನ ಪಾದಗಳನ್ನು ನೋಡಿಕೊಂಡು, "ಮಣ್ಣು ಕಳದು ಹೇಳಿದೇನೋ ತಮ್ಮಾ?" ಎಂದ.

ಜೀಪು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಆ ಮಾತು ಪಂಪಾಪತಿಯ ತಲೆಗೆ ಹೊಕ್ಕಿತು. ಅಡತಿಯಲ್ಲಿ ಕಲಿತ ಮೊದಲ ಪಾಠವೇ ಅದು: ರೈತನ ಚೀಲಕ್ಕೆ ಕೈ ಎಪ್ಪತ್ತೇಳು ಅಂದರೆ ನಾಲಿಗೆ ಎಪ್ಪತ್ತೈದು ಅನ್ನಬೇಕು. ಹಸಿ, ಮಣ್ಣು, ಜೊಳ್ಳು ಎಂದು ಎರಡು ಕಿಲೋ ಕಳೆದೇ ಹೇಳಬೇಕು. ಮೂವತ್ತು ವರ್ಷ ಕಳೆದಿದ್ದ. ಮಣ್ಣೇ ಇಲ್ಲದ ಚೀಲದಿಂದಲೂ ಮಣ್ಣು ಕಳೆದಿದ್ದ. ಬೆವರು ಒರೆಸಿಕೊಳ್ಳುತ್ತ ನಿಂತ ರೈತ ಬಾಯಿ ತೆರೆಯುವ ಮೊದಲೇ ಮುಂದಿನ ಚೀಲಕ್ಕೆ ಹೋಗಿದ್ದ. ಆದರೆ ಆ ದಿನ ಎದುರಿಗಿದ್ದದ್ದು ಸರ್ಕಾರ. ಸರ್ಕಾರದ ಮಾಲಿನಲ್ಲಿ ಕಡಿಮೆ ಹೇಳುವುದುಂಟೇ ಎಂದು ನಾಲಿಗೆ ತಾನಾಗಿ ಪೂರ್ತಿ ಅಂಕಿಯನ್ನು ಕೊಟ್ಟುಬಿಟ್ಟಿತ್ತು. ಬೇರಿನ ಹೆಂಟೆ ನಾಲ್ಕು ಕಿಲೋಗೆ ಕಡಿಮೆಯಿರಲಿಲ್ಲ. ಇಡೀ ಜನ್ಮದಲ್ಲಿ ಮಣ್ಣು ಕಳೆಯಲೇಬೇಕಾದದ್ದು ಒಂದೇ ಒಂದು ಗಂಟು. ಅದೊಂದನ್ನೇ ಅವನು ಕಳೆಯದೆ ಹೇಳಿದ್ದ.

ಗದ್ದೆಪ್ಪ ಜೈಲು ಸೇರಿ ಹದಿನಾಲ್ಕು ತಿಂಗಳು ಆಗಿತ್ತು. ಗಂಟನ್ನು ಆಮೇಲೆ ಸರಿಯಾಗಿ ತೂಗಿದಾಗ ಎಂಟು ಕಿಲೋವೂ ಬರಲಿಲ್ಲವಂತೆ. ಹಸಿರು ಗಿಡ ಒಣಗಿದರೆ ಇನ್ನೇನಾಗುತ್ತದೆ ಎಂದರಂತೆ ಸರ್ಕಾರಿ ವಕೀಲರು. ಅಮರಮ್ಮ ಜಗಳವಾಡಲಿಲ್ಲ. ಫೋನು ಮಾಡಿದರೆ, "ಆರಾಮದೀವಿ ಅಣ್ಣ, ಎದುರಿನ ಮನಿ ಬಾಗಲಾ ಹಾಕೈತಿ," ಎಂದಷ್ಟೇ ಹೇಳಿ ಇಡುತ್ತಿದ್ದಳು. ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದಳು. ಕೊನೆಗೆ ಹೋದ ವಾರ ಗದ್ದೆಪ್ಪನ ಕಡೆಯ ವಕೀಲೆ, ಸುಕನ್ಯಾ ಎಂಬ ಎಳೆ ವಯಸ್ಸಿನ ಹೆಣ್ಣುಮಗಳು, ಯಾರ್ಡಿಗೇ ಬಂದು ಚೀಲಗಳ ನಡುವೆ ನಿಂತು ಕೇಳಿದಳು. ಅವನು ಎಲ್ಲ ಹೇಳಿದ. ಹೇಳುವಾಗ ಎದೆ ಹಗುರಾಯಿತು. ಮಣ್ಣಿನ ತೂಕವನ್ನು ಆರು ಕಿಲೋಗೆ ಏರಿಸಿಯೂ ಹೇಳಿದ.

"ಎರಡೇ ಮಾತು ಹೇಳ್ರಿ ಸಾಕು," ಎಂದಿದ್ದಳು ಅವಳು. "ತಕ್ಕಡಿ ಇರಲಿಲ್ಲ, ಮಣ್ಣು ಕಳೀಲಿಲ್ಲ. ಅದೇ ದಿನ ಮಧ್ಯಾಹ್ನ ಜಾಮೀನಿನ ಅರ್ಜಿ ಐತಿ. ಈ ಎರಡು ಮಾತು ಬಂದ್ರ ಗದ್ದೆಪ್ಪ ಮನಿಗೆ ಹೋಗ್ತಾನ. ಮೂರನೇ ಮಾತು ಬ್ಯಾಡ್ರಿ, ಕೈ ಮುಗೀತೀನಿ."

ಲಿಂಗಸುಗೂರಿನ ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಆದಮ್ಮ ಕೂತಿದ್ದಳು. ಗದ್ದೆಪ್ಪನ ಹೆಂಡತಿ. ಅವಳ ಕಣ್ಣಿಗೆ ಬೀಳದಂತೆ ಹೋಗಬೇಕೆಂದು ಅವನು ಹಮಾಲರ ನಡುವೆ ಸೇರಿಕೊಂಡ. ಆದರೆ ಮೂರು ತಾಲೂಕಿಗೆ ಗೊತ್ತಿರುವ ಮನುಷ್ಯ ಎಲ್ಲಿ ಅಡಗುತ್ತಾನೆ?

"ಪಂಪಣ್ಣಾ, ಬಂದೇನಪ್ಪಾ? ರೊಟ್ಟಿ ತಂದೀನಿ, ತಿಂದು ಒಳಗ ಹೋಗು. ಖಾಲಿ ಹೊಟ್ಟೀಲೆ ಮಾತು ಬರಂಗಿಲ್ಲ."

"ಬ್ಯಾಡಬೇ ಯವ್ವಾ, ಉಂಡು ಬಂದೀನಿ."

"ಸುಳ್ಳು ಹೇಳಬ್ಯಾಡ. ತುರ್ವಿಹಾಳದಾಗ ಇಷ್ಟ್ ಲಗೂನ ಯಾರು ಉಣ್ತಾರ?" ಅವಳು ಎರಡು ರೊಟ್ಟಿ, ಪುಂಡಿಪಲ್ಯ ಕೈಗೆ ಇಟ್ಟೇಬಿಟ್ಟಳು. "ನಿನ್ನ ಕೈ ಸುಳ್ಳು ಹೇಳಂಗಿಲ್ಲ ಅಂತ ಊರ್ ಮಂದಿ ಅಂತಾರ. ಇದ್ದದ್ದು ಹೇಳು, ಅಷ್ಟ ಸಾಕು."

ಕೈ ಅಂದಿತು: ಎರಡು ರೊಟ್ಟಿ, ನೂರಾ ಎಂಬತ್ತು ಗ್ರಾಮು. ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಅವನು ಅದನ್ನೂ ತೂಗಿ ಬದಿಗಿಡುತ್ತಿದ್ದ. ಇರಲಿಲ್ಲ.

ಸಾಕ್ಷಿಕಟ್ಟೆ ಹತ್ತಿದಾಗ ಕೋರ್ಟು ಅವನಿಗೆ ಸಿಂಧನೂರಿನ ಇಡೀ ಯಾರ್ಡಿಗಿಂತ ದೊಡ್ಡದಾಗಿ ಕಂಡಿತು. ನಿಜಕ್ಕೂ ಅದು ಒಂದು ಸಣ್ಣ ಕೋಣೆ, ಫ್ಯಾನು ಕಟಕಟ ಅನ್ನುತ್ತಿತ್ತು. ಬಾಗಿಲಲ್ಲಿ ದಾವಲ್‌ಸಾಬ್ ಮತ್ತು ಮೂವರು ಹಮಾಲರು ಕತ್ತು ಚಾಚಿ ನಿಂತಿದ್ದರು. ಮೂಲೆಯಲ್ಲಿ ಪೊಲೀಸಿನವನ ಪಕ್ಕ ಯಾರೋ ಮುದುಕ. ಗದ್ದೆಪ್ಪ ಕಾಕಾ ಎಲ್ಲಿ ಎಂದು ಹುಡುಕಿದ. ಆ ಮುದುಕನೇ ಗದ್ದೆಪ್ಪ ಎಂದು ತಿಳಿದ ಮೇಲೆ ಮತ್ತೆ ಆ ಕಡೆ ನೋಡಲಿಲ್ಲ.

"ಈ ಸಹಿ ನಿಮ್ಮದೇ? ಮಾಲನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ನಿಮ್ಮ ಮುಂದೆ ತೂಗಿದರು, ಹೌದಲ್ಲ?" ಎಂದರು ಸರ್ಕಾರಿ ವಕೀಲರು.

"ಸಹಿ ನಂದ್ರಿ. ತಕ್ಕಡಿ ಇರಲಿಲ್ರಿ. ನಾನ ಕೈಲೆ ಎತ್ತಿ ಹೇಳಿದೆ."

ಮೊದಲ ಮಾತು ಬಂದಿತ್ತು. ಸುಕನ್ಯಾಳ ಪೆನ್ನು ಓಡಿತು. ಸರ್ಕಾರಿ ವಕೀಲರು ಕನ್ನಡಕ ತೆಗೆದು, ಸಾಕ್ಷಿ ಪ್ರತಿಕೂಲವಾಗಿದ್ದಾನೆ ಎಂದು ಅರಿಕೆ ಮಾಡಿಕೊಂಡು, ಅವನ ಕಡೆ ತಿರುಗಿದರು. "ಕೈಯಲ್ಲಿ ಎತ್ತಿದಿರಿ. ಎತ್ತಿ, ಇಪ್ಪತ್ತೆರಡು ಕಿಲೋ ಆದ ಮೇಲೆ ನಾನೂರು ಗ್ರಾಮನ್ನೂ ಹೇಳಿದಿರಿ. ಯಾರ ಕಿವಿಯ ಮೇಲೆ ಹೂವು ಇಡುತ್ತೀರಿ? ಆರೋಪಿಯ ಕಡೆಯವರು ಎಷ್ಟು ಚಾ ಕುಡಿಸಿದರು?"

ಬಾಗಿಲಲ್ಲಿ ಯಾರೋ ನಕ್ಕರು. ಪಂಪಾಪತಿಯ ಕಿವಿ ಕಾದವು. ಸುಳ್ಳುಗಾರ ಅಂದಿದ್ದರೆ ತಡೆದುಕೊಳ್ಳಬಹುದಿತ್ತು; ಜೀವಮಾನದಲ್ಲಿ ಆ ಮಾತು ನೂರು ಸಲ ಕೇಳಿದ್ದ. ಆದರೆ ಕೈಯನ್ನೇ ನಂಬದಿದ್ದರೆ?

"ನೋಡೋಣವಂತೆ," ಎಂದರು ನ್ಯಾಯಾಧೀಶರು, ಅವರಿಗೂ ಬೆಳಗಿನಿಂದ ಬೇಸರ ಬಂದಿರಬೇಕು. "ಆ ಫೈಲುಗಳ ಗಂಟು ಕೊಡಿ ಅವರಿಗೆ."

ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು. ಟವೆಲು ಬಿಚ್ಚಿದ. ಎತ್ತಿದ. ಅಬ್ಬಾ, ಹದಿನಾಲ್ಕು ತಿಂಗಳ ನಂತರ! ತೂಕ ಹಳೆಯ ಗೆಳೆಯನ ಹಾಗೆ ಮೊಣಕೈ ತಟ್ಟಿ, ಹೆಗಲು ಏರಿ ಬಂತು. "ಆರು ಕಿಲೋ ಏಳ್ನೂರ ಐವತ್ತು." ವಶಪಡಿಸಿಕೊಂಡ ಮಾಲಿನ ಜೊತೆ ಪೊಲೀಸರು ತಂದಿದ್ದ ತಕ್ಕಡಿಯನ್ನು ಮೇಜಿನ ಮೇಲಿಟ್ಟರು, ಈ ತಕ್ಕಡಿಗೆ ಜೀವ ಇತ್ತು. ಕೆಂಪು ಅಂಕಿ ಮಿಣಮಿಣ ಅಂದಿತು, ನಿಂತಿತು. ಆರು, ಚುಕ್ಕೆ, ಏಳು ಐದು. ಆಮೇಲೆ ದಾವಲ್‌ಸಾಬ್ "ಯಾ ಅಲ್ಲಾ" ಎಂದದ್ದು ಮಸ್ಕಿಯ ತನಕ ಕೇಳಿಸಿತು. ಬೆಂಚ್ ಕ್ಲರ್ಕು ಎದ್ದು ನೋಡಿದ. ನ್ಯಾಯಾಧೀಶರು ಹುಬ್ಬು ಏರಿಸಿ ನಕ್ಕರು. ತಕ್ಕಡಿಯನ್ನು ಕೋರ್ಟಿನ ಎದುರೇ ಸೋಲಿಸಿದ್ದ, ಅದೂ ಸರ್ಕಾರದ ತಕ್ಕಡಿಯನ್ನು. ಪಂಪಾಪತಿಗೆ ತಾನು ಕಟ್ಟೆಯಿಂದ ಒಂದು ಮೊಳ ಮೇಲೆ ನಿಂತಿದ್ದೇನೆ ಅನ್ನಿಸಿತು.

ಸುಕನ್ಯಾ ಎದ್ದಳು. ಅವಳ ಮುಖದಲ್ಲಿ ಗೆದ್ದ ಕಳೆ. ಉಳಿದದ್ದು ಒಂದೇ ಪ್ರಶ್ನೆ. "ಆ ದಿನ ಗಿಡಗಳ ಬೇರಿಗೆ ಹಸಿ ಮಣ್ಣು ಇತ್ತು. ನೀವು ತೂಕ ಹೇಳಿದ್ದು ಆ ಮಣ್ಣು ಕಳೆದೋ, ಕಳೆಯದೆಯೋ?"

ಉತ್ತರ ಬಾಯಲ್ಲೇ ಇತ್ತು. ಬಸ್ಸಿನಲ್ಲಿ ಹತ್ತು ಸಾವಿರ ಸಲ ಅಂದುಕೊಂಡಿದ್ದ ಉತ್ತರ. ಬಾಗಿಲ ಕಡೆ ನೋಡಬಾರದಿತ್ತು, ನೋಡಿದ. ದಾವಲ್‌ಸಾಬ್‌ನ ಕಣ್ಣು ಒದ್ದೆಯಾಗಿತ್ತು, ಹೆಮ್ಮೆಯಿಂದ. ನಾಳೆ ಯಾರ್ಡಿನಲ್ಲಿ, ನೆಲದ ತಕ್ಕಡಿಯ ಸುತ್ತ, ತಾನು ಈಗ ಹೇಳಿದ್ದನ್ನೇ ಅವರು ಹೇಳುತ್ತಾರೆ.

"ಮಣ್ಣು ಕಳೀದೇ ತೂಕ ಹೇಳೋ ಕೈ ಅಲ್ರೀ ಇದು," ಎಂದ ಪಂಪಾಪತಿ. "ಮೂವತ್ತು ವರ್ಷದಾಗ ಒಮ್ಮಿ ಆಗಿಲ್ಲ."

ಸುಕನ್ಯಾಳ ಪೆನ್ನು ನಿಂತಿತು. "ನಾನು ಆ ದಿನದ ಮಾತು ಕೇಳಾಕತ್ತೀನ್ರಿ. ನೆನಪು ಮಾಡ್ಕೊಂಡು ಹೇಳ್ರಿ."

"ಆ ದಿನಾನೂ ಇದ ಕೈ ಅಲ್ಲೇನ್ರಿ?"

ಕೋರ್ಟು ನಕ್ಕಿತು. ಒಳ್ಳೆಯ ನಗು, ಬೆಚ್ಚಗಿನ ನಗು, ಹೋಟೆಲಿನ ಬೆಂಚಿನ ಸುತ್ತಲಿನಂಥ ನಗು. ಅದು ಅಡಗುವ ಮೊದಲೇ ಸರ್ಕಾರಿ ವಕೀಲರು ತುಂಬ ಮೆತ್ತಗೆ, "ನಮ್ಮ ಆಕ್ಷೇಪಣೆ ಏನೂ ಇಲ್ಲ ಸ್ವಾಮಿ, ಕೈಯ ಲೆಕ್ಕವನ್ನೇ ಒಪ್ಪುತ್ತೇವೆ," ಎಂದು ಕೂತರು.

ಇನ್ನೂ ಸಮಯವಿತ್ತು. ಹೇಳಿಕೆಯನ್ನು ಟೈಪು ಮಾಡಿ ಅವನಿಗೇ ಓದಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಬಹುದು. ಕ್ಲರ್ಕು ಓದಿದ: 'ಬೇರಿನ ಮಣ್ಣನ್ನು ಕಳೆದೇ ತೂಕ ಹೇಳಿದ್ದೇನೆ.' ಬರೆಹದ ಕನ್ನಡದಲ್ಲಿ ಅದು ಬೇರೆ ಯಾರದೋ ಮಾತಿನಂತೆ, ಬಹಳ ಪ್ರಾಮಾಣಿಕನಾದ ಒಬ್ಬನ ಮಾತಿನಂತೆ ಕೇಳಿಸಿತು. "ಸರಿ ಐತೇನ್ರಿ?" ಎಂದ ಕ್ಲರ್ಕು, ಅವನ ಕೈಯನ್ನೇ ಅಕ್ಕರೆಯಿಂದ ನೋಡುತ್ತ. ಇಲ್ಲ ಅನ್ನುವುದಕ್ಕೆ ಎರಡಕ್ಷರ. ಆ ಎರಡಕ್ಷರವನ್ನು ಎತ್ತಲು ಹೋದ. ಎಷ್ಟು ಭಾರವೆಂದು ಮೊದಲ ಬಾರಿಗೆ ಅವನ ಕೈ ಹೇಳಲಿಲ್ಲ. "ಸರಿ ಐತ್ರಿ," ಎಂದು ಸಹಿ ಮಾಡಿದ.

ಮಧ್ಯಾಹ್ನ ಜಾಮೀನಿನ ಅರ್ಜಿ ವಜಾ ಆಯಿತು. ಎರಡು ನಿಮಿಷವೂ ಹಿಡಿಯಲಿಲ್ಲ. ಸುಕನ್ಯಾ ಹೊರಗೆ ಬಂದು ಅವನ ಮುಂದೆ ಒಂದು ಕ್ಷಣ ನಿಂತಳು. ಬೈಯುತ್ತಾಳೆಂದು ಕಾದ. "ಊಟ ಆತೇನ್ರಿ?" ಎಂದು ಕೇಳಿ, ಉತ್ತರ ಕೇಳಿಸಿಕೊಳ್ಳದೆ ಹೋದಳು. ದಾವಲ್‌ಸಾಬ್ ಮತ್ತವರು ಗೇಟಿನ ಹೊರಗೆ, ಚಹದಂಗಡಿಯಲ್ಲಿ, ಯಾರಿಗೋ ಗಂಟಿನ ಕತೆ ಆಗಲೇ ಶುರುಮಾಡಿದ್ದರು. ಗಂಟು ಹನ್ನೆರಡು ಕಿಲೋಗೆ ಏರಿತ್ತು. ಪಂಪಾಪತಿ ಅವರ ಕಡೆ ಹೋಗದೆ ಮೆಟ್ಟಿಲ ಬಳಿಯೇ ನಿಂತ. ಬೇವಿನ ಮರದ ಕೆಳಗೆ ಆದಮ್ಮ ಬುತ್ತಿಯ ಬಟ್ಟೆಯನ್ನು ಮಡಿಸುತ್ತಿದ್ದಳು, ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಗದ್ದೆಪ್ಪನನ್ನು ಮೆಟ್ಟಿಲು ಇಳಿಸಿ ವ್ಯಾನಿನ ಕಡೆ ಕರೆದೊಯ್ಯುತ್ತಿದ್ದರು. ಮೂರನೇ ಮೆಟ್ಟಿಲಲ್ಲಿ ಅವನ ಮೊಣಕಾಲು ಮುಗ್ಗರಿಸಿತು. ಪೊಲೀಸಿನವನ ಕೈಯಲ್ಲಿ ಕಾಗದ ಇತ್ತು. ಹತ್ತಿರ ಇದ್ದವನು ಪಂಪಾಪತಿ. ಯೋಚಿಸುವ ಮೊದಲೇ ಕಂಕುಳಿಗೆ ಕೈ ಹೋಗಿತ್ತು. ವ್ಯಾನಿನ ಮೆಟ್ಟಿಲು ಎತ್ತರ. ಎತ್ತಿ ಒಳಗೆ ಕೂರಿಸಿದ. ಕೈ ತನ್ನ ಕೆಲಸ ಮಾಡಿತು. ನಲವತ್ತೆರಡು. ಒಂದು ಗ್ರಾಮು ಆಚೀಚೆ ಇಲ್ಲ.

ಗದ್ದೆಪ್ಪ ಸುಧಾರಿಸಿಕೊಂಡು ಅವನ ಮುಖ ನೋಡಿದ. ಒಳಗೆ ನಡೆದದ್ದನ್ನೆಲ್ಲ ಅವನು ಮೂಲೆಯಲ್ಲಿ ನಿಂತು ಕೇಳಿದ್ದ. ಆದರೂ ಕಣ್ಣಿನಲ್ಲಿ ಹಳೆಯ ತುಂಟತನದ ಒಂದು ಎಳೆ ಉಳಿದಿತ್ತು, ದಮಡಿ ಬಾರಿಸುವಾಗ ತಾಳ ತಪ್ಪಿದವನನ್ನು ನೋಡುತ್ತಿದ್ದನಲ್ಲ, ಹಾಗೆ.

"ಎಷ್ಟ್ ಅದೀನೋ ತಮ್ಮಾ, ಈಗ?"

ಪಂಪಾಪತಿಯ ನಾಲಿಗೆ ಕೈಯ ಕಡೆ ನೋಡಿತು. "ಐವತ್ತಾರ ಅದಿ ಕಾಕಾ," ಎಂದ. "ಆವತ್ತು ಎಷ್ಟಿದ್ದಿ, ಅಷ್ಟ ಅದಿ."

ಗದ್ದೆಪ್ಪ ತಲೆ ಬಗ್ಗಿಸಿ ತನ್ನ ಪಾದ ನೋಡಿಕೊಂಡ. ಜೈಲಿನ ನೀರಿನಲ್ಲಿ ತೊಳೆದು ತೊಳೆದು ಬಿಳಿಚಿದ್ದವು. ಹಿಮ್ಮಡಿಯ ಒಡಕಿನಲ್ಲೂ ಎರೆಮಣ್ಣಿನ ಒಂದು ಗೆರೆ ಉಳಿದಿರಲಿಲ್ಲ.

"ಆವತ್ತು ಕಾಲಿಗೆ ಮಣ್ಣಿತ್ತಲ್ಲೋ," ಎಂದ.